ಎಕರೆ ಲೆಕ್ಕ, ತೋಳಿನ ಲೆಕ್ಕ

ಹೊಳೆನರಸೀಪುರದಿಂದ ಅರಕಲಗೂಡು, ಕೊಣನೂರು ದಾಟಿ ಕುಶಾಲನಗರದ ದಾರಿ ಹಿಡಿದರೆ, ಕಾವೇರಿ ಸೇತುವೆಯ ಆಚೆಗೆ ಬೈಲಕುಪ್ಪೆ. ನಮ್ಮ ಕಡೆ ಬಸ್ಸಿನಲ್ಲಿ ಈ ದಾರೀಲಿ ಹೋಗುವಾಗ ಯಾರಾದರೂ ಹಿರಿಯರು ಪಕ್ಕದಲ್ಲಿ ಕೂತಿದ್ದರೆ ಒಂದು ಮಾತು ಬಂದೇ ಬರುತ್ತೆ. "ಲಾಮಾಗಳಿಗೇನಪ್ಪಾ, ಸರ್ಕಾರ ಜಮೀನು ಕೊಡ್ತು, ಫಾರಿನ್ನೋರು ದುಡ್ಡು ಕೊಟ್ರು. ನಮ್ಮ ಮಕ್ಳು ಉಂಡ್ವಾ ಬಿಟ್ವಾ ಅಂತ ಯಾರಾದ್ರೂ ಕೇಳವ್ರಾ?"

ಈ ಮಾತನ್ನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋದು ಸುಲಭ. ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ. ಆದರೆ ಅದರೊಳಗೆ ಒಂದು ನಿಜವಾದ ಪ್ರಶ್ನೆ ಇದೆ. ವಲಸೆ ಬಂದವರ ಹಸಿವನ್ನ ಅಳೆಯೋದು ಹೇಗೆ? ಅವರಿಗೆ ಜಾಗ ಕೊಟ್ಟವರ ಹಸಿವನ್ನ ಅಳೆಯೋರು ಯಾರು?

ಮೊದಲು ಬೈಲಕುಪ್ಪೆ ಹೇಗಾಯ್ತು ನೋಡೋಣ. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಸಾವಿರಾರು ಟಿಬೆಟಿಯನ್ನರು ಹಿಮಾಲಯ ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಸೆಕೆ, ಕಾಯಿಲೆ, ಇಕ್ಕಟ್ಟು. ಬಕ್ಸಾದಲ್ಲಿದ್ದ ಸನ್ಯಾಸಿಗಳಲ್ಲಿ ಕ್ಷಯ ಹರಡಿತು. ಇನ್ನು ಕೆಲವರು ಹಿಮಾಚಲದ ಬೆಟ್ಟಗಳಲ್ಲಿ ರಸ್ತೆ ಕೂಲಿಗೆ ಹೋದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣದ ಹತ್ತಿರ ಸುಮಾರು 3000 ಎಕರೆ ಕಾಡು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ಡೇರೆ ಹಾಕಿಕೊಂಡು ಕಾಡು ಕಡಿದರು, ಸುಟ್ಟರು, ಆನೆ ಓಡಿಸಿದರು. ತಲೆಗೆ ಒಂದು ಎಕರೆ ಅನ್ನೋದು ಲೆಕ್ಕ. 1969ರಲ್ಲಿ ಪಕ್ಕದಲ್ಲೇ ಎರಡನೇ ವಸಾಹತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ವಸಾಹತುಗಳೂ ಆ ಹತ್ತು ಹದಿನೈದು ವರ್ಷದೊಳಗೇ ಆದವು.

ಅವರ ಊಟ ಏನಿತ್ತು? ಹುರಿದ ಜವೆಗೋಧಿ ಹಿಟ್ಟು, ಬೆಣ್ಣೆ ಹಾಕಿದ ಚಹಾ, ಒಣ ಮಾಂಸ. ನಮ್ಮ ರಾಗಿ ಹುರಿಹಿಟ್ಟಿನ ದಾಯಾದಿ ಅನ್ನಿ ಆ ಜವೆಹಿಟ್ಟನ್ನ. ಇಲ್ಲಿನ ಸೆಕೆಗೆ, ಮಳೆಗೆ ಜವೆಗೋಧಿ ಎಲ್ಲಿಂದ ಬರಬೇಕು? ಮೊದಮೊದಲು ರೇಷನ್, ಆಮೇಲೆ ಆ ಕೆಂಪು ಮಣ್ಣಿಗೆ ಒಗ್ಗಿದ ಮುಸುಕಿನ ಜೋಳ. ಜೋಳ ಮಾರಿ ಬಂದ ದುಡ್ಡಿನಲ್ಲಿ ಜೀವನ. ಹೀಗೆ ಎಕರೆ ಎಷ್ಟು, ತಲೆ ಎಷ್ಟು, ರೇಷನ್ ಎಷ್ಟು ಅನ್ನೋದು ಕಡತದಲ್ಲಿ ಸಿಗುತ್ತೆ. ಕೊಟ್ಟಿದ್ದು ಮೈಗೆ ಹತ್ತಿತಾ ಅನ್ನೋದು ಬೇರೆಯೇ ಲೆಕ್ಕ.

ಈ ಎರಡು ಲೆಕ್ಕಗಳ ಜಗಳ ಬೈಲಕುಪ್ಪೆಗಿಂತ ಹಳೇದು. ನಮ್ಮ ಅಜ್ಜಿಯರು ಕೇಳಿದ್ದ ಧಾತು-ಈಶ್ವರ ಬರ, ಅಂದರೆ 1876ರಿಂದ 78ರ ಬರಗಾಲ, ಇದಕ್ಕೆ ಸಾಕ್ಷಿ. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಊರು ಬಿಟ್ಟವರು ಗಂಜಿ ಸಿಗುವ ಕಡೆ ನಡೆದರು. 1877ರಲ್ಲಿ ವೈಸರಾಯ್ ಕಡೆಯಿಂದ ಬಂದ ರಿಚರ್ಡ್ ಟೆಂಪಲ್, ಮದ್ರಾಸ್ ಪ್ರಾಂತ್ಯದಲ್ಲಿ ಪರಿಹಾರ ಕೆಲಸ ಮಾಡುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಬಿಡಿ ಕಾಸು ಸಾಕು ಅಂದ. ಒಂದು ಪೌಂಡ್ ಅಂದರೆ ಅರ್ಧ ಕೇಜಿಗಿಂತ ಕಡಿಮೆ. ಅಲ್ಲಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ಕಾರ್ನಿಷ್ ಇದಕ್ಕೆ ತಿರುಗಿಬಿದ್ದ. ಬೆಳಗಿಂದ ಸಂಜೆವರೆಗೆ ಮಣ್ಣು ಹೊರುವವನ ಮೈ ಇಷ್ಟರಲ್ಲಿ ಉಳಿಯಲ್ಲ ಅನ್ನೋದು ಅವನ ವಾದ. ಕೆಲವು ತಿಂಗಳಾದ ಮೇಲೆ ಮದ್ರಾಸ್ ಸರ್ಕಾರ ಧಾನ್ಯದ ಅಳತೆ ಹೆಚ್ಚಿಸಬೇಕಾಯ್ತು. ಒಬ್ಬ ಖಜಾನೆ ನೋಡಿದ, ಇನ್ನೊಬ್ಬ ಮೈ ನೋಡಿದ.

ಮೈ ನೋಡೋದಕ್ಕೆ ಸುಲಭದ ಸಾಧನ ಸಿಗೋಕೆ ಇನ್ನೂ ತೊಂಬತ್ತು ವರ್ಷ ಬೇಕಾಯ್ತು. 1960ರ ದಶಕದ ಕೊನೆಯಲ್ಲಿ ನೈಜೀರಿಯಾದ ಬಯಾಫ್ರಾ ಯುದ್ಧದ ನಿರಾಶ್ರಿತ ಮಕ್ಕಳು ಸಾಲುಗಟ್ಟಿ ನಿಂತಾಗ ಒಬ್ಬೊಬ್ಬರನ್ನ ತಕ್ಕಡಿಗೆ ಹಾಕಿ ತೂಗುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅಲ್ಲಿದ್ದ ಕ್ವೇಕರ್ ಪಂಗಡದ ಸೇವಾ ತಂಡ ಒಂದು ಕೋಲು ಮಾಡಿಕೊಂಡಿತು. ಮಗುವಿನ ತೋಳಿನ ಸುತ್ತಳತೆ ತಗೊಂಡು ಕೋಲಿನ ಪಕ್ಕ ನಿಲ್ಲಿಸಿದರೆ, ಆ ಎತ್ತರಕ್ಕೆ ಆ ತೋಳು ಸಾಕೋ ಸಾಲದೋ ಗೊತ್ತಾಗ್ತಿತ್ತು. ಆಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಬಂತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಾದರೆ ಕೆಂಪು, ಜೀವಕ್ಕೇ ಅಪಾಯ. 12.5ರ ಒಳಗಿದ್ದರೆ ಹಳದಿ, ಎಚ್ಚರಿಕೆ. ಮಗು ಯಾವ ದೇಶದ್ದು, ಯಾವ ಜಾತಿಯದ್ದು ಅಂತ ಪಟ್ಟಿ ಕೇಳಲ್ಲ.

ಇಷ್ಟಾದರೂ ಏನು ತಿಂತಾರೆ ಅನ್ನೋದು ಬಿಟ್ಟು ಹೋಗಬಾರದು. ಮುಸುಕಿನ ಜೋಳದ ವಿಷಯವನ್ನೇ ತಗೊಳ್ಳಿ. ಮೊಜಾಂಬಿಕ್ ಬಿಟ್ಟು ಮಲಾವಿಗೆ ಬಂದ ನಿರಾಶ್ರಿತರಿಗೆ ಜೋಳದ ರೇಷನ್ ಸಿಗ್ತಿತ್ತು, ಜೊತೆಗೆ ಕಡಲೆಕಾಯಿ. ಕಡಲೆಕಾಯಿ ಬರೋದು ನಿಂತಾಗ, 1990ರಲ್ಲಿ 17,000ಕ್ಕೂ ಹೆಚ್ಚು ಜನಕ್ಕೆ ಪೆಲಾಗ್ರ ಬಂತು. ನಯಾಸಿನ್ ಅನ್ನೋ ಬಿ ಗುಂಪಿನ ಜೀವಸತ್ವದ ಕೊರತೆಯಿಂದ ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವ, ಭೇದಿಯಾಗುವ, ಕೊನೆಗೆ ಬುದ್ಧಿಭ್ರಮಣೆಯಾಗುವ ಕಾಯಿಲೆ ಅದು. ಜೋಳದಲ್ಲಿರುವ ನಯಾಸಿನ್ ಮೈಗೆ ಸರಿಯಾಗಿ ದಕ್ಕಲ್ಲ. ಕಡಲೆಕಾಯಿ ಆ ಕೊರತೆ ತುಂಬ್ತಿತ್ತು. ಹೊಟ್ಟೆ ತುಂಬಿದ್ದರೂ ಜನ ಕಾಯಿಲೆ ಬಿದ್ದರು. ಮೂಟೆ ಮಾತ್ರ ಎಣಿಸಿದವರಿಗೆ ಇದು ಕಾಣಿಸೋದಿಲ್ಲ.

ಈಗ ಆ ಬಸ್ಸಿನ ಹಿರಿಯರ ಪ್ರಶ್ನೆಗೆ ಬರೋಣ. ಕೀನ್ಯಾದ ಕಾಕುಮಾ ಶಿಬಿರದ ಸುತ್ತ ತುರ್ಕಾನಾ ಅನ್ನೋ ದನಗಾಹಿ ಜನ ಇದಾರೆ. ಶಿಬಿರದ ಮಕ್ಕಳನ್ನೂ ತುರ್ಕಾನಾ ಮಕ್ಕಳನ್ನೂ ಅಳೆದಾಗ, ಹಲವು ಸಲ ಹೆಚ್ಚು ಬಡಕಲಾಗಿ ಕಂಡವರು ಊರಿನವರೇ. ನಿರಾಶ್ರಿತರಿಗೆ ರೇಷನ್ನಾದರೂ ಇತ್ತು. ಬರ ಬಂದರೆ ಊರಿನವರಿಗೆ ದನವೂ ಇಲ್ಲ, ಚೀಟಿಯೂ ಇಲ್ಲ. ಇದರಿಂದ ನಿರಾಶ್ರಿತರಿಗೆ ಹೆಚ್ಚು ಕೊಟ್ಟುಬಿಟ್ಟರು ಅಂತ ಆಗಲ್ಲ. ಊರಿನವರನ್ನ ಮರೆತಿದ್ದರು ಅಂತ ಆಗುತ್ತೆ. ಅಳೆದಿದ್ದರಿಂದಲೇ ಅದು ಗೊತ್ತಾಗಿದ್ದು. ಬರೀ ಬೈಗುಳದಲ್ಲೇ ಉಳಿದಿದ್ದರೆ ಶಿಬಿರದವರಿಗೂ ಊರಿನವರಿಗೂ ಹೊಡೆದಾಟ ಆಗ್ತಿತ್ತೇ ಹೊರತು ಒಂದು ಮಗುವಿಗೂ ಅನ್ನ ಬರ್ತಿರಲಿಲ್ಲ. 2018ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಿರಾಶ್ರಿತರ ಜಾಗತಿಕ ಒಡಂಬಡಿಕೆಯಲ್ಲಿ ಜಾಗ ಕೊಟ್ಟವರ ಹೊರೆ ಇಳಿಸುವುದೂ ಒಂದು ಗುರಿ.

ನಮ್ಮ ಕಡೆ ಇದು ಸ್ವಲ್ಪ ಬೇರೆ ದಾರಿಯಲ್ಲಿ ಆಯ್ತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟಿಯನ್ನರ ಜವಾಬ್ದಾರಿ ನಮ್ಮ ಸರ್ಕಾರದ್ದು, ಅವರದೇ ಆಡಳಿತದ್ದು, ನೆರವಿಗೆ ಬಂದ ಸಂಸ್ಥೆಗಳದ್ದು. ಅಂಥದ್ದರಲ್ಲಿ ಒಂದು ಮೈರಾಡ. 1968ರಲ್ಲಿ ಅದು ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗೆ. ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, 1980ರ ದಶಕದಲ್ಲಿ, ಸಂಸ್ಥೆ ಪೂರ್ತಿಯಾಗಿ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಇವತ್ತು ಊರೂರಲ್ಲಿ ಹೆಂಗಸರು ವಾರಕ್ಕೊಮ್ಮೆ ಕೂತು ನಡೆಸುವ ಸ್ವಸಹಾಯ ಸಂಘಗಳ ಶುರುವಾತಿನಲ್ಲಿ ಅದರ ಪಾತ್ರ ದೊಡ್ಡದು. ಅಂದರೆ ಲಾಮಾಗಳಿಗೆ ಅಂತ ಬಂದ ಸಂಸ್ಥೆ ಕೊನೆಗೆ ನಮ್ಮ ಅಕ್ಕಂದಿರ ಪಾಸ್‌ಬುಕ್ಕಿಗೂ ಬಂತು. ಬಸ್ಸಿನ ಹಿರಿಯರಿಗೆ ಇದನ್ನ ಹೇಳಬೇಕು ಅನ್ಸುತ್ತೆ.

ಹಾಗೇ ಅವರು ಹೇಳೋದನ್ನೂ ಕೇಳಬೇಕು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ನಮ್ಮ ಜಿಲ್ಲೆಯ ಹತ್ತಾರು ಹಳ್ಳಿ ಮುಳುಗಿದವು. ಶೆಟ್ಟಿಹಳ್ಳಿಯ ಪಾಳು ಚರ್ಚಿನ ಫೋಟೋ ಎಲ್ಲರೂ ತೆಗೀತಾರೆ. ಅಲ್ಲಿಂದ ಎದ್ದು ಹೋದವರು ಗಡಿ ದಾಟಿರಲಿಲ್ಲ, ಹಾಗಾಗಿ ಅವರನ್ನ ನಿರಾಶ್ರಿತರು ಅಂತ ಕರೆಯಲ್ಲ, ಸಂತ್ರಸ್ತರು ಅಂತಾರೆ. ಅವರ ಲೆಕ್ಕವೂ ಎಕರೆ, ಗುಂಟೆ, ಪರಿಹಾರದ ಲೆಕ್ಕವೇ. ಹೊಸ ಜಾಗದಲ್ಲಿ ಮೊದಲ ಎರಡು ವರ್ಷ ಹಸು ಹಾಲು ಕೊಡ್ತಾ, ಹಿತ್ತಲಲ್ಲಿ ಸೊಪ್ಪು ಬಂತಾ, ಬಾಣಂತಿಗೆ ಏನು ಸಿಕ್ತು ಅನ್ನೋದಕ್ಕೆ ಪರಿಹಾರದ ಅರ್ಜಿಯಲ್ಲಿ ಜಾಗ ಇರಲ್ಲ.

ಟಿಬೆಟಿಯನ್ನರ ವಿಷಯದಲ್ಲಿ ಮೈ ನೋಡಿದ ಕೆಲಸವೂ ಆಮೇಲೆ ಆಯ್ತು. 1990ರ ದಶಕದ ನಡುವೆ ಭಾರತದ ವಸಾಹತುಗಳಲ್ಲಿ ಆರೋಗ್ಯದ ಲೆಕ್ಕ ಹಾಕಿದಾಗ ಕ್ಷಯ ವಿಪರೀತ ಹೆಚ್ಚು ಅಂತ ತಿಳಿಯಿತು. ಮಠ, ಹಾಸ್ಟೆಲುಗಳಲ್ಲಿ ಒತ್ತೊತ್ತಾಗಿ ಮಲಗುವ ಕಡೆ ಕ್ಷಯ ಬೇಗ ಹರಡುತ್ತೆ. ಹೊರಗಿಂದ ನೋಡಿದರೆ ಚಿನ್ನದ ಬಣ್ಣದ ದೇವಸ್ಥಾನ, ಪ್ರವಾಸಿಗಳ ಬಸ್ಸು, ಮೊಮೊ ಅಂಗಡಿ. "ಅವ್ರಿಗೇನು" ಅನ್ನೋ ಮಾತು ಅಲ್ಲಿ ನಿಲ್ಲಲ್ಲ.

ನಮಗೆ ಅಳತೆ ಹೊಸದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ನರಸೀಪುರ. ನಮ್ಮ ಹೊಳೆನರಸೀಪುರ ಅಲ್ಲ, ಮೈಸೂರಿನ ತಿರುಮಕೂಡಲು ನರಸೀಪುರ. ಆಮೇಲೆ ನಮ್ಮೂರಿಗೂ ಬಂತು. ತಕ್ಕಡಿ ಇದೆ, ಪುಸ್ತಕ ಇದೆ, ಅಳೆಯೋ ಕಾರ್ಯಕರ್ತೆಯೂ ಇದಾರೆ. ಎಲ್ಲಿಂದಲೋ ಬಂದು ತೋಟದ ಲೈನಿನಲ್ಲೋ, ಇಟ್ಟಿಗೆ ಗೂಡಿನ ಪಕ್ಕದಲ್ಲೋ, ಹೊಗೆಸೊಪ್ಪಿನ ಬ್ಯಾರನ್ ಹತ್ತಿರವೋ ಇರುವ ಕೂಲಿಯವರ ಮಗುವಿನ ಹೆಸರು ಆ ಪುಸ್ತಕದಲ್ಲಿ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಇಲ್ಲ ಅಂದರೆ ಬರೆಸಿ. ಪಕ್ಕದಲ್ಲೇ ನಮ್ಮೂರ ಮಗುವಿನದೂ ಇರಲಿ.