ಡಲ್ಲಾಸ್ (ಅಡ್ಡಹೆಸರು)

ಬ್ರಿಟನ್ ಮೂಲದ ಅಡ್ಡಹೆಸರು. ಸ್ಕಾಟ್ಲೆಂಡಿನ ಮೊರೆ ಸೀಮೆಯಲ್ಲಿ, ಎಲ್ಗಿನ್ ಪಟ್ಟಣದ ನೈಋತ್ಯಕ್ಕಿರುವ ಡಲ್ಲಾಸ್ ಹಳ್ಳಿಯಿಂದ ಬಂದುದು. ಧಾರವಾಡದ ಕಡೆ ಮನ್ಸೂರ, ಹಾನಗಲ್ಲ ಎಂಬ ಊರುಗಳು ಮನೆತನದ ಹೆಸರಾದ ಬಗೆಯೇ ಇದು. ಇಂಗ್ಲೆಂಡಿನ ಕೆಲವು ಡಲ್ಲಾಸರಿಗೆ ಆ ಹಳ್ಳಿಯ ನಂಟಿಲ್ಲ. ಕಣಿವೆಯ ಮನೆಯವರು ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಅವರ ಹೆಸರು ಬೇರೆಯಾಗಿಯೇ ಹುಟ್ಟಿತು ಎನ್ನಲಾಗುತ್ತದೆ. ಹೆಸರು ಒಂದೇ ಎಂಬ ಕಾರಣಕ್ಕೆ ಎಲ್ಲರನ್ನೂ ಒಂದೇ ವಂಶಾವಳಿಗೆ ಸೇರಿಸುವಂತಿಲ್ಲ.

ಅಮೆರಿಕದಲ್ಲಿ ಹೆಸರುವಾಸಿಯಾದ ಶಾಖೆ ಜಮೈಕಾದ ಮೂಲಕ ಬಂದದ್ದು. ಅಲ್ಲಿ ನೆಲೆಸಿದ್ದ ಸ್ಕಾಟಿಷ್ ವೈದ್ಯ ರಾಬರ್ಟ್ ಡಲ್ಲಾಸ್‌ನ ಮಗ ಅಲೆಗ್ಸಾಂಡರ್ ಜೇಮ್ಸ್ ಡಲ್ಲಾಸ್ (1759–1817) 1783ರಲ್ಲಿ ಫಿಲಡೆಲ್ಫಿಯಾ ಸೇರಿದ. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಮೊದಲು ವರದಿ ಮಾಡಿ ಪ್ರಕಟಿಸಿದವನು ಈತ. ಮುಂದೆ ಖಜಾನೆ ಕಾರ್ಯದರ್ಶಿಯೂ ಆದ.

ಟೆಕ್ಸಾಸ್‌ನ ಡಲ್ಲಾಸ್ ನಗರಕ್ಕೆ ಯಾವ ಡಲ್ಲಾಸ್‌ನ ಹೆಸರಿಟ್ಟರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೆಚ್ಚು ಪ್ರಚಾರದಲ್ಲಿರುವುದು ಅಲೆಗ್ಸಾಂಡರನ ಮಗ, 1845ರಿಂದ 1849ರವರೆಗೆ ಉಪಾಧ್ಯಕ್ಷನಾಗಿದ್ದ ಜಾರ್ಜ್ ಮಿಫ್ಲಿನ್ ಡಲ್ಲಾಸ್‌ನ ಹೆಸರು. ಆದರೆ ಊರಿನ ಸ್ಥಾಪಕ ಜಾನ್ ನೀಲಿ ಬ್ರಯನ್ ಟ್ರಿನಿಟಿ ನದಿಯ ದಂಡೆಯಲ್ಲಿ ನೆಲೆಯೂರಿದ್ದು 1841ರಲ್ಲಿ. 1844ರಲ್ಲಿ ಊರಿನ ನಿವೇಶನ ಅಳೆಯುವ ಹೊತ್ತಿಗೆ ಹೆಸರು ಬಳಕೆಗೆ ಬಂದಿತ್ತು, ಜಾರ್ಜ್ ಇನ್ನೂ ಉಪಾಧ್ಯಕ್ಷನಾಗಿರಲಿಲ್ಲ. ತಂದೆ ಊರಿಗೆ ಹೆಸರಿಟ್ಟದ್ದು ಡಲ್ಲಾಸ್ ಎಂಬ ತನ್ನ ಸ್ನೇಹಿತನ ನೆನಪಿಗೆ ಎಂದು ಬ್ರಯನ್‌ನ ಮಗ ಹೇಳಿದ್ದಾನೆ. ಗಡಿನಾಡಿನ ವ್ಯಾಪಾರಿ ಬ್ರಯನ್‌ಗೂ ಫಿಲಡೆಲ್ಫಿಯಾದ ವಕೀಲ ಜಾರ್ಜ್‌ಗೂ ಎಲ್ಲಿಯ ಸ್ನೇಹ ಎಂಬ ಶಂಕೆ ಸಹಜ.

ಜಾರ್ಜನ ಅಣ್ಣ, ನೌಕಾಪಡೆಯ ಕಮೋಡೋರ್ ಅಲೆಗ್ಸಾಂಡರ್ ಜೇಮ್ಸ್ ಡಲ್ಲಾಸ್ ಇನ್ನೊಬ್ಬ ಅಭ್ಯರ್ಥಿ. ಅರ್ಕಾನ್ಸಾದಿಂದ 1843ರಲ್ಲಿ ಹತ್ತಿರದಲ್ಲೇ ಬಂದು ನೆಲೆಸಿದ ಜೋಸೆಫ್ ಡಲ್ಲಾಸ್ ಮತ್ತೊಬ್ಬ. ಬ್ರಯನ್ ಕೂಡ ಅರ್ಕಾನ್ಸಾದಲ್ಲಿ ಇದ್ದು ಬಂದವನಾದ್ದರಿಂದ 'ಸ್ನೇಹಿತ' ಎಂಬ ಮಾತು ಈತನಿಗೇ ಹೆಚ್ಚು ಹೊಂದುತ್ತದೆ. ಆದರೆ ಆತ ಬರುವ ಮುನ್ನವೇ ಹೆಸರು ಚಾಲ್ತಿಯಲ್ಲಿತ್ತು ಎನ್ನುವವರೂ ಇದ್ದಾರೆ. ಟೆಕ್ಸಾಸ್ ಸ್ವಾತಂತ್ರ್ಯ ಯುದ್ಧದ ಸ್ಯಾನ್ ಜಸಿಂಟೋ ಕದನದಲ್ಲಿ ಹೋರಾಡಿದ ವಾಲ್ಟರ್ ಡಲ್ಲಾಸ್ ಹೆಸರೂ ಆಗಾಗ ಕೇಳಿಬರುತ್ತದೆ. 1846ರಲ್ಲಿ ರಚನೆಯಾದ ಡಲ್ಲಾಸ್ ಕೌಂಟಿಗೆ ಉಪಾಧ್ಯಕ್ಷನ ಹೆಸರೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಕೌಂಟಿಯ ಕಥೆಯನ್ನೇ ಊರಿಗೂ ಹಚ್ಚಿದ್ದರಿಂದ ಗೊಂದಲ ಹೆಚ್ಚಿತು.

ಹ್ಯೂಸ್ಟನ್, ಆಸ್ಟಿನ್ ನಗರಗಳದೂ ಅಡ್ಡಹೆಸರುಗಳೇ. ಸ್ಯಾಮ್ ಹ್ಯೂಸ್ಟನ್, ಸ್ಟೀಫನ್ ಆಸ್ಟಿನ್ ಇಬ್ಬರ ವಿಷಯದಲ್ಲೂ ತಕರಾರಿಲ್ಲ.

ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೋ ಮಾತ್ರ ಅಡ್ಡಹೆಸರನ್ನು ಕಳೆದುಕೊಂಡ ಊರು. 1902ರ ಸುಮಾರಿಗೆ ರೈಲು ದಾರಿಯ ಪಕ್ಕ ಎದ್ದಾಗ ಜಮೀನುದಾರ ಫ್ರಾನ್ಸಿಸ್ ಎಮರ್ಸನ್‌ನಿಂದ ಅದಕ್ಕೆ ಎಮರ್ಸನ್ ಎಂದು ಹೆಸರಾಗಿತ್ತು. ಟೆಕ್ಸಾಸ್‌ನಲ್ಲೇ ಹೋಲುವ ಹೆಸರಿನ ಇನ್ನೊಂದು ಊರಿದ್ದುದರಿಂದ ಅಂಚೆ ಇಲಾಖೆ ಒಪ್ಪಲಿಲ್ಲ. 1904ರಲ್ಲಿ ಜನ ಸೇಂಟ್ ಲೂಯಿಸ್–ಸ್ಯಾನ್ ಫ್ರಾನ್ಸಿಸ್ಕೋ ರೈಲ್ವೆಯ ಮೇಲೆ ಫ್ರಿಸ್ಕೋ ಸಿಟಿ ಎಂದು ಕರೆದರು, ಬರಬರುತ್ತ ಸಿಟಿ ಬಿಟ್ಟುಹೋಯಿತು. ಊರು ಇಂದು ಕಾಲಿನ್ ಮತ್ತು ಡೆಂಟನ್ ಕೌಂಟಿಗಳಲ್ಲಿ ಹರಡಿದೆ. ಡೆಂಟನ್ ಅಡ್ಡಹೆಸರು, ಕಾಲಿನ್ ಅಲ್ಲ. 1836ರ ಟೆಕ್ಸಾಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ ಕಾಲಿನ್ ಮೆಕಿನಿಯ ಮೊದಲ ಹೆಸರು ಕೌಂಟಿಗೆ ಹೋಯಿತು, ಅಡ್ಡಹೆಸರು ಅದರ ಆಡಳಿತ ಕೇಂದ್ರವಾದ ಮೆಕಿನಿ ಪಟ್ಟಣಕ್ಕೆ.