ಮನೆಬಳಕೆಯ ವಿದೇಶಿ ಇಂಟರ್‌ನೆಟ್ ರೌಟರ್‌ಗಳು: ನಿರ್ಬಂಧಗಳು ಹಾಗೂ ಗ್ರಾಹಕರಿಗೆ ಮಾಹಿತಿ

ಮೈಸೂರು ನಗರದ ಒಂಟಿಕೊಪ್ಪಲ್ ಹಾಗೂ ಸುತ್ತಲಿನ ಬಡಾವಣೆಗಳಲ್ಲಿ ಹೊಸ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು, ಅಂಗಡಿಯಲ್ಲಿ ರೌಟರ್ ಕೊಳ್ಳುವವರು ಮತ್ತು ಹೊರದೇಶದಲ್ಲಿರುವ ಮಕ್ಕಳು ಅಥವಾ ಬಂಧುಗಳಿಂದ ಅದನ್ನು ತರಿಸಿಕೊಳ್ಳುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವಿದೇಶಿ ರೌಟರ್‌ಗಳನ್ನು ಕುರಿತು ಕೇಳಿಬರುವ ಮಾತುಗಳಲ್ಲಿ ಬೇರೆ ದೇಶಗಳ ಕಾನೂನೂ ನಮ್ಮ ಕಾನೂನೂ ಬೆರೆತುಹೋಗಿರುವುದುಂಟು. ಆದುದರಿಂದ ಸಾರ್ವಜನಿಕರು ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಅವಶ್ಯ.

ಹಿನ್ನೆಲೆ

ಮನೆಯೊಂದರಿಂದ ನಿಸ್ತಂತು ಪ್ರಸಾರ ನಡೆಯುವುದು ಒಂಟಿಕೊಪ್ಪಲಿಗೆ ಹೊಸತಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಇಲ್ಲಿನ ತಮ್ಮ ನಿವಾಸ 'ವಿಠ್ಠಲ ವಿಹಾರ'ದಿಂದಲೇ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಆಕಾಶವಾಣಿಯನ್ನು ಆರಂಭಿಸಿದರು. ಮನೆಯ ರೇಡಿಯೋ ಪೆಟ್ಟಿಗೆಗೂ ವರ್ಷ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ನವೀಕರಿಸಬೇಕಾಗಿದ್ದ ಕಾಲವನ್ನು ಇಲ್ಲಿನ ಹಿರಿಯ ನಾಗರಿಕರು ಬಲ್ಲರು. ಆ ಪದ್ಧತಿಯು 1980ರ ದಶಕದಲ್ಲಿ ರದ್ದಾಯಿತು.

ವೈ-ಫೈ ರೌಟರ್ ಸಹ ಒಂದು ರೇಡಿಯೋ ಪ್ರೇಷಕವೇ ಆಗಿದೆ. ಅದಕ್ಕೆ ಮನೆಯವರು ಲೈಸೆನ್ಸ್ ಪಡೆಯಬೇಕಿಲ್ಲ. ಏಕೆಂದರೆ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2005ರ ಜನವರಿಯಲ್ಲಿಯೂ 5 ಗಿಗಾಹರ್ಟ್ಸ್ ಪಟ್ಟಿಗಳನ್ನು 2018ರ ಅಕ್ಟೋಬರ್‌ನಲ್ಲಿಯೂ ಲೈಸೆನ್ಸ್‌ನಿಂದ ವಿನಾಯಿತಿಗೊಳಿಸಿದೆ. ಈ ವಿನಾಯಿತಿಯು ಷರತ್ತುಬದ್ಧವಾದುದು. 2.4 ಗಿಗಾಹರ್ಟ್ಸ್‌ನಲ್ಲಿ ಪ್ರೇಷಕದ ಶಕ್ತಿ 1 ವ್ಯಾಟ್ ಮೀರತಕ್ಕದ್ದಲ್ಲ.

ನಿರ್ಬಂಧಗಳ ಸ್ವರೂಪ

ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2022ರ ನವೆಂಬರ್‌ನಲ್ಲಿ ಹುವಾವೇ, ಜೆಡ್‌ಟಿಇ ಮುಂತಾದ ಸಂಸ್ಥೆಗಳನ್ನು ಹೆಸರಿಸಿಯೇ ಅವುಗಳ ಹೊಸ ಉಪಕರಣಗಳಿಗೆ ಅನುಮತಿ ನಿರಾಕರಿಸಿತು. ನಮ್ಮಲ್ಲಿ ಅನುಸರಿಸಿರುವ ಕ್ರಮ ಬೇರೆ. ಇಲ್ಲಿ ವಿವರಿಸಿರುವ ನಿಯಮಗಳು ಮನೆಬಳಕೆಯ ರೌಟರನ್ನು ತಯಾರಾದ ದೇಶದ ಹೆಸರಿನ ಮೇಲೆ ನಿಷೇಧಿಸುವುದಿಲ್ಲ. ಪರೀಕ್ಷೆ, ಪ್ರಮಾಣೀಕರಣ ಮತ್ತು ನಂಬಿಕೆಯ ಮೂಲ ಎಂಬ ಮೂರು ಬಾಗಿಲುಗಳನ್ನು ಇಡುತ್ತವೆ. ಇವುಗಳ ಹೊಣೆ ಮುಖ್ಯವಾಗಿ ತಯಾರಕರು, ಆಮದುದಾರರು ಹಾಗೂ ಸೇವಾದಾರ ಸಂಸ್ಥೆಗಳದ್ದು.

2017ರಲ್ಲಿ ತಿದ್ದುಪಡಿಯಾದ ಭಾರತೀಯ ತಂತಿ ನಿಯಮಗಳಂತೆ ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆ ಹಾಗೂ ಪ್ರಮಾಣೀಕರಣವು 2019ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಜಾರಿಗೆ ಬಂದಿತು. ಇದನ್ನು ದೂರಸಂಪರ್ಕ ಇಲಾಖೆಯ ಅಂಗವಾದ ಟಿಇಸಿ ನಿರ್ವಹಿಸುತ್ತದೆ. ಭದ್ರತಾ ಪರೀಕ್ಷೆಯ ಮಾನದಂಡಗಳನ್ನು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ರೂಪಿಸುತ್ತದೆ. ಈ ಭದ್ರತಾ ಪ್ರಮಾಣೀಕರಣದ ವ್ಯಾಪ್ತಿಗೆ ಮೊದಲಾಗಿ ತರಲಾದ ಉಪಕರಣಗಳಲ್ಲಿ ಐಪಿ ರೌಟರ್ ಹಾಗೂ ಗ್ರಾಹಕರ ಮನೆಯಲ್ಲಿ ಇಡುವ ವೈ-ಫೈ ಸಾಧನಗಳು ಸೇರಿವೆ. ನಿಸ್ತಂತು ಭಾಗಕ್ಕೆ ಡಬ್ಲ್ಯುಪಿಸಿ ಘಟಕದ ಉಪಕರಣ ಮಾದರಿ ಅನುಮೋದನೆ ಪ್ರತ್ಯೇಕವಾಗಿ ಬೇಕು.

ಇದಲ್ಲದೆ, ಭದ್ರತೆ ಕುರಿತ ಸಚಿವ ಸಂಪುಟ ಸಮಿತಿಯು 2020ರ ಡಿಸೆಂಬರ್‌ನಲ್ಲಿ ಒಪ್ಪಿದ ದೂರಸಂಪರ್ಕ ಕ್ಷೇತ್ರದ ರಾಷ್ಟ್ರೀಯ ಭದ್ರತಾ ನಿರ್ದೇಶನವು 2021ರ ಜೂನ್ 15ರಿಂದ ಜಾರಿಯಲ್ಲಿದೆ. ಇದರನ್ವಯ ಪರವಾನಗಿ ಹೊಂದಿದ ಸೇವಾದಾರರು ತಮ್ಮ ಜಾಲಕ್ಕೆ ಹೊಸದಾಗಿ ಸೇರಿಸುವ ಉಪಕರಣಗಳನ್ನು 'ನಂಬಿಕೆಯ ಮೂಲ'ಗಳಿಂದಲೇ ಪಡೆಯತಕ್ಕದ್ದು. ಜಾಲದಲ್ಲಿ ಮೊದಲೇ ಇದ್ದ ಉಪಕರಣಗಳನ್ನು ಕಡ್ಡಾಯವಾಗಿ ಬದಲಿಸಬೇಕೆಂದು ಇದು ವಿಧಿಸಿಲ್ಲ. ಆದ್ದರಿಂದ "ನಿಮ್ಮ ರೌಟರ್ ವಿದೇಶಿಯದು, ಸರ್ಕಾರ ನಿಷೇಧಿಸಿದೆ, ಒಪ್ಪಿಸಿ ಹೊಸದಕ್ಕೆ ಹಣ ಕಟ್ಟಿ" ಎಂದು ಯಾರಾದರೂ ಮನೆ ಬಾಗಿಲಿಗೆ ಬಂದಲ್ಲಿ ಅಥವಾ ದೂರವಾಣಿ ಮಾಡಿದಲ್ಲಿ ನಂಬತಕ್ಕದ್ದಲ್ಲ. ಲಿಖಿತ ಆದೇಶವನ್ನು ಕೇಳತಕ್ಕದ್ದು.

ಹೊರದೇಶದಿಂದ ತರಿಸುವಾಗ

ಈ ಬಡಾವಣೆಯಲ್ಲಿ ಹೆಚ್ಚಾಗಿ ತೊಡಕಾಗುವ ವಿಷಯ ಇದೇ ಇರಬಹುದು. ಅಂಚೆ ಅಥವಾ ಕೊರಿಯರ್ ಮೂಲಕ ಬರುವ ವಸ್ತುವನ್ನು 'ಉಡುಗೊರೆ' ಎಂದು ಘೋಷಿಸಿ ಸುಂಕವಿಲ್ಲದೆ ಬಿಡಿಸಿಕೊಳ್ಳಲು 2019ರ ಡಿಸೆಂಬರ್‌ನಿಂದ ಅವಕಾಶವಿಲ್ಲ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಇದೆ. ಪೂರ್ಣ ಸುಂಕ ತೆತ್ತರೆ ಉಡುಗೊರೆ ತರಿಸಲು ಅಡ್ಡಿಯಿಲ್ಲವಾದರೂ ಸುಂಕವೂ ಸೇರಿ ಲೆಕ್ಕ ಹಾಕಿದಾಗ ಅಗ್ಗದ ರೌಟರ್ ಅಗ್ಗವಾಗಿ ಉಳಿಯದು.

ತಾಂತ್ರಿಕ ತೊಡಕು ಇನ್ನೊಂದಿದೆ. ಅಮೆರಿಕವು 2020ರಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗಿನ 6 ಗಿಗಾಹರ್ಟ್ಸ್ ಪಟ್ಟಿಯನ್ನು ವೈ-ಫೈಗೆ ಪೂರ್ಣವಾಗಿ ತೆರೆಯಿತು. ಭಾರತದಲ್ಲಿ 2025ರ ಮೇ ತಿಂಗಳಲ್ಲಿ ಪ್ರಕಟವಾದ ಕರಡು ನಿಯಮಗಳು 6425 ಮೆಗಾಹರ್ಟ್ಸ್‌ವರೆಗಿನ ಕೆಳಭಾಗವನ್ನು ಮಾತ್ರ ಒಳಗೊಂಡಿದ್ದವು. ಅಲ್ಲಿನ ಮಾರುಕಟ್ಟೆಗಾಗಿ ತಯಾರಿಸಿದ ದುಬಾರಿ ರೌಟರ್ ಇಲ್ಲಿ ಅನುಮತಿಯಿಲ್ಲದ ತರಂಗಗಳಲ್ಲಿ ಪ್ರಸಾರ ಮಾಡುವ ಸಂಭವವಿದೆ. ಕೆಲವು ಮಾದರಿಗಳಲ್ಲಿ ದೇಶದ ಆಯ್ಕೆಯನ್ನು ಬದಲಿಸಲೂ ಆಗುವುದಿಲ್ಲ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಮುದ್ರಿಸಿದೆಯೇ ಎಂಬುದನ್ನೂ ನೋಡಿಕೊಳ್ಳುವುದು. ನಮ್ಮ ವಿದ್ಯುತ್ 230 ವೋಲ್ಟ್. ಫೈಬರ್ ಸಂಪರ್ಕದಲ್ಲಿ ಸೇವಾದಾರರು ಅಳವಡಿಸುವ ಪೆಟ್ಟಿಗೆಯು ಸಾಮಾನ್ಯವಾಗಿ ಅವರ ಜಾಲದಲ್ಲಿ ನೋಂದಾಯಿತವಾಗಿರುವುದರಿಂದ, ತರಿಸಿದ ರೌಟರ್ ಅದರ ಬದಲಿಗೆ ಬಾರದು. ಅದರ ಹಿಂದೆ ಜೋಡಿಸಿಕೊಳ್ಳಬಹುದಷ್ಟೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಮೂಲ ದೇಶ, ಆಮದುದಾರರ ಹೆಸರು ಹಾಗೂ ವಿಳಾಸ, ಗರಿಷ್ಠ ಮಾರಾಟ ಬೆಲೆ ಇರತಕ್ಕದ್ದು. ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನು ನೋಡಿ, ರಸೀದಿ ಪಡೆಯತಕ್ಕದ್ದು.

ಕರ್ನಾಟಕದ ಅನುಭವ

ಪ್ರಮಾಣಪತ್ರವೊಂದೇ ಸಾಲದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಗ್ರಾಹಕರ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ದುರುದ್ದೇಶದ ತಂತ್ರಾಂಶವೊಂದು ದಾಳಿ ಮಾಡಿತು. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳೇ ಅದಕ್ಕೆ ತುತ್ತಾದವು. ಗುಪ್ತಪದ ಬದಲಿಸುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚಿಸಿತು. ಮರುವರ್ಷ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಹೊಕ್ಕಿತ್ತು. ಅವುಗಳಲ್ಲಿ ಅಮೆರಿಕದ ನೆಟ್‌ಗೇರ್, ಲಾಟ್ವಿಯಾದ ಮೈಕ್ರೋಟಿಕ್, ಚೀನಾ ಮೂಲದ ಟಿಪಿ-ಲಿಂಕ್ ಮೂರೂ ಇದ್ದವು.

ಆದ್ದರಿಂದ ರೌಟರ್ ಎಲ್ಲಿಯದೇ ಆಗಿರಲಿ, ಅಳವಡಿಸಿದ ದಿನವೇ ಅದರ ಆಡಳಿತ ಗುಪ್ತಪದವನ್ನು ಬದಲಿಸತಕ್ಕದ್ದು. ಇದು ವೈ-ಫೈ ಗುಪ್ತಪದಕ್ಕಿಂತ ಬೇರೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಯಾರಕರು ತಂತ್ರಾಂಶದ ಪರಿಷ್ಕರಣೆ ನಿಲ್ಲಿಸಿರುವ ಹಳೆಯ ಮಾದರಿಯನ್ನು, ಕಾನೂನು ಕೇಳದಿದ್ದರೂ, ಬದಲಿಸುವುದು ಒಳಿತು. ಸೋಂಕು ತಗುಲಿದ ಸಾಧನಗಳನ್ನು ಶುದ್ಧಿಗೊಳಿಸಲು ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ನೆರವಿದೆ.

ದೂರು ಸಲ್ಲಿಸುವ ಕ್ರಮ

ಸೇವಾದಾರರು ನೀಡಿದ ರೌಟರ್ ಕುರಿತ ದೂರನ್ನು ಮೊದಲು ಅವರ ದೂರು ಕೇಂದ್ರಕ್ಕೆ ನೀಡಿ ಡಾಕೆಟ್ ಸಂಖ್ಯೆ ಪಡೆಯತಕ್ಕದ್ದು. ಪರಿಹಾರ ಸಿಗದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಅಂಗಡಿಯಲ್ಲಿ ಕೊಂಡ ರೌಟರ್ ದೋಷಯುಕ್ತವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ದಾಖಲಿಸಬಹುದು. ನಿಷೇಧದ ನೆಪ ಹೇಳಿ ಆನ್‌ಲೈನ್ ಮೂಲಕ ಹಣ ಪಡೆದಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸತಕ್ಕದ್ದು. ದೂರಿನೊಂದಿಗೆ ರಸೀದಿಯ ಪ್ರತಿ, ರೌಟರ್‌ನ ಮಾದರಿ ಹಾಗೂ ಕ್ರಮಸಂಖ್ಯೆ ಮತ್ತು ಪೆಟ್ಟಿಗೆಯ ಮೇಲಿನ ಆಮದುದಾರರ ವಿವರಗಳನ್ನು ಲಗತ್ತಿಸತಕ್ಕದ್ದು.