ನೀರಿನ ಲೆಕ್ಕ, ಜನರ ಮಾತು

ಎಂಜಿನಿಯರನಿಗೆ ಲೆಕ್ಕ ಬಂದರೆ ಸಾಕು, ಮಾತುಗಾರಿಕೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ನಾಡಿನ ನೀರಾವರಿಯ ಚರಿತ್ರೆಯನ್ನು ತಿರುವಿ ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮಾಯಸಂದ್ರ, ತುರುವೇಕೆರೆ, ತಿಪಟೂರುಗಳ ಸೀಮೆ ತೆಂಗಿನ ಸೀಮೆಯೆಂದು ಹೆಸರಾಗಿದೆ. ಅದು ಕೆರೆಗಳ ಸೀಮೆಯೂ ಹೌದು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ, 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಹಳೆಯ ಮೈಸೂರಿನ ಇಂತಹ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ, ಅದನ್ನು ಕಾಪಾಡುವವನಿಗೆ ಬಿಟ್ಟುಕೊಟ್ಟ ಭೂಮಿಯ ಹೆಸರುಗಳು ಅವು. ಭೂಮಿ ಯಾರದು, ಎಲ್ಲೆ ಯಾವುದು, ಕೆಡಿಸಿದವನಿಗೆ ಯಾವ ಪಾಪ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿ ಊರಿನವರ ಕಣ್ಣೆದುರಿಗೆ ನಿಲ್ಲಿಸುತ್ತಿದ್ದರು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳು ಕಟ್ಟುವವನಿಗೂ ಗೊತ್ತು, ಉಳುವವನಿಗೂ ಗೊತ್ತು. ತೂಬು ತೆಗೆಯುವ ನೀರುಗಂಟಿ ಇವರಿಬ್ಬರ ನಡುವಿನ ಮನುಷ್ಯ. ಕೆಲಸ ಮತ್ತು ಮಾತು ಆಗ ಬೇರೆ ಬೇರೆಯಾಗಿರಲಿಲ್ಲ.

ಬ್ರಿಟಿಷರ ಆಡಳಿತದಲ್ಲಿ ಮರಾಮತ್ತು ಇಲಾಖೆ ಬಂದಿತು. ನಕ್ಷೆ, ಅಂದಾಜುಪಟ್ಟಿ, ವರದಿಗಳೆಲ್ಲ ಇಂಗ್ಲಿಷಿಗೆ ಹೋದುವು. ವಿದ್ಯೆ ಬೆಳೆಯಿತು, ನಿಜ; ಆದರೆ ಕಾಗದ ಊರಿನಿಂದ ದೂರ ಸರಿಯಿತು.

ಆ ಕಾಲದಲ್ಲಿಯೂ ಮಾತಿನ ಬೆಲೆಯನ್ನು ಅರಿತವರು ಸರ್ ಎಂ. ವಿಶ್ವೇಶ್ವರಯ್ಯನವರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು ಕನ್ನಂಬಾಡಿಯ ಯೋಜನೆಯನ್ನು ಮುಂದಿಟ್ಟಾಗ, ಹಣಕಾಸಿನ ಇಲಾಖೆ ಒಪ್ಪಲಿಲ್ಲ. ಅಷ್ಟು ವಿದ್ಯುತ್ತು ಯಾರಿಗೆ ಬೇಕು ಎಂಬುದು ಅದರ ತಕರಾರು. ಅವರು ದಿವಾನ್ ಟಿ. ಆನಂದರಾಯರಿಗೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ವಿಷಯವನ್ನು ಮನವರಿಕೆ ಮಾಡಿಕೊಟ್ಟರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗಳಿಗೆ ಮಂಜೂರಾತಿ ದೊರೆಯಿತು. ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆಗೂ ಉತ್ತರ ಹೇಳಬೇಕಾಯಿತು. ಖಜಾನೆಗೆ ವರಮಾನದ ಲೆಕ್ಕ, ಗಣಿಗೆ ವಿದ್ಯುತ್ತಿನ ಲೆಕ್ಕ, ನೆರೆಯ ಸರ್ಕಾರಕ್ಕೆ ಹೊಳೆಯ ನೀರಿನ ಲೆಕ್ಕ. ಕಟ್ಟೆ ಒಂದೇ, ಕೇಳುವವರು ಹಲವರು. ಯಾರಿಗೆ ಯಾವುದನ್ನು ಹೇಳಬೇಕೆಂದು ತಿಳಿಯದೆ ಹೋಗಿದ್ದರೆ ಕನ್ನಂಬಾಡಿ ನಕ್ಷೆಯಲ್ಲಿಯೇ ಉಳಿಯುತ್ತಿತ್ತೇನೋ.

ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಇಂಗ್ಲಿಷಿನ ಸಂವಹನವನ್ನೂ ಕನ್ನಡವನ್ನೂ ಕಲಿಸುತ್ತಾರೆ. ಸಂತೋಷ. ಆದರೆ ಸಂವಹನವೆಂದರೆ ನೌಕರಿಯ ಸಂದರ್ಶನದಲ್ಲಿ ತಡವರಿಸದೆ ಮಾತನಾಡುವುದು ಎಂದಷ್ಟೇ ಹುಡುಗರು ತಿಳಿದರೆ ಪಾಠ ಅರ್ಧವಾಯಿತು.

ಉಳಿದರ್ಧ ಏನೆಂಬುದನ್ನು ನಮ್ಮ ಸೀಮೆಯೇ ತೋರಿಸುತ್ತದೆ. ಹೇಮಾವತಿಯ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಲಿಂಕ್ ಕಾಲುವೆಯನ್ನು ವಿರೋಧಿಸಿ 2024 ಮತ್ತು 2025ರಲ್ಲಿ ಗುಬ್ಬಿ, ತುರುವೇಕೆರೆಗಳ ಕಡೆಯ ರೈತರು ಬೀದಿಗಿಳಿದರು. ನಮ್ಮ ಪಾಲು ಹೋಗುತ್ತದೆ ಎಂಬ ಭಯ ಇವರದು. ನಮ್ಮ ಪಾಲು ಬಂದೇ ಇಲ್ಲ ಎಂಬ ಕೊರಗು ಕುಣಿಗಲಿನವರದು. ಯಾರು ಸರಿ ಎಂದು ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಅದು ರಾಜಕೀಯದ ಜಗಳವೂ ಹೌದು. ಬರಿಯ ಮಾತಿನಿಂದ ತೀರುವುದಿಲ್ಲ. ಆದರೆ ಮಾತಿಲ್ಲದೆಯೂ ತೀರುವುದಿಲ್ಲ.

ಟಿಎಂಸಿ, ಕ್ಯೂಸೆಕ್ಸ್ ಎಂದರೆ ತೋಟದವನಿಗೆ ಏನು ತಿಳಿಯಬೇಕು? ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಕಾಲುವೆಯಲ್ಲಿ ಸೆಕೆಂಡಿಗೆ 1,000 ಘನ ಅಡಿ ಹರಿದರೆ ಅಷ್ಟು ನೀರು ಬರಲು ಸುಮಾರು 11½ ದಿನ ಬೇಕು. ಹೀಗೆ ಹೇಳಿದರೆ ರೈತ ಕೂಡಲೇ ಮುಂದಿನ ಪ್ರಶ್ನೆ ಕೇಳುತ್ತಾನೆ: ಎಷ್ಟು ದಿನ ಬಿಡುತ್ತೀರಿ? ನಮ್ಮ ಕೆರೆ ಎಷ್ಟು ತುಂಬುತ್ತದೆ? ಮಳೆ ಕೈಕೊಟ್ಟ ವರ್ಷ ಯಾರಿಗೆ ಮೊದಲು? ಆ ಪ್ರಶ್ನೆ ಎಂಜಿನಿಯರನಿಗೆ ಅಡ್ಡಿಯಲ್ಲ. ನಕ್ಷೆಯಲ್ಲಿ ಬಿಟ್ಟುಹೋದದ್ದನ್ನು ಅದು ತೋರಿಸಿಕೊಡಬಹುದು.

ಹಿಂದಿನವರು ಕಲ್ಲಿನಲ್ಲಿ ಬರೆಸಿದಂತೆ, ಯಾವ ಊರಿಗೆ ಎಷ್ಟು ನೀರು, ಯಾವ ತಿಂಗಳು ಎಂಬುದನ್ನು ಕಾಲುವೆಯ ಬದಿಯಲ್ಲಿ ಕನ್ನಡದಲ್ಲಿ ಬರೆದು ನಿಲ್ಲಿಸುವುದು ಇಂದಿಗೂ ಅಸಾಧ್ಯವೇನಲ್ಲ. ಅದನ್ನು ಬರೆಯಬೇಕಾದವನು ಎಂಜಿನಿಯರನೇ.